ಅಪ್ಪನ ಬಸ್ಸಿಗೊಂದು ಮೈಕು

ಇವತ್ತು ಬೆಳಿಗ್ಗೆ ನಮ್ಮಮ್ಮ ಮೈಕಿನ ಟೋಪಿಯಿಂದ ಹಾಲಿನ ಪಾತ್ರೆ ತಿಕ್ಕಿಬಿಟ್ಟಳು. ತಪ್ಪು ಅವಳದೇನೂ ಅಲ್ಲ. ಮೈಕಿನ ತಲೆಗೆ ಹಾಕುವ ಆ ಕಪ್ಪು ಸ್ಪಂಜು ಮೇಜಿನಿಂದ ಉರುಳಿ ಹೇಗೋ ಅಡುಗೆಮನೆ ಸೇರಿತ್ತು. ನಮ್ಮ ಮನೆಯಲ್ಲಿ ಅಡುಗೆಮನೆ ಸೇರಿದ ಯಾವ ವಸ್ತುವನ್ನೂ ಅಮ್ಮ ನಿರುದ್ಯೋಗಿಯಾಗಿ ಇರಗೊಡುವುದಿಲ್ಲ. ನಾನು "ಅಯ್ಯೋ, ಅದು ಮೈಕಿನದಮ್ಮ!" ಎಂದು ಕೂಗಿಕೊಂಡಾಗ ಅವಳು ನಿಧಾನವಾಗಿ ಅದನ್ನು ಹಿಂಡಿ, ಬೆಳಕಿಗೆ ಹಿಡಿದು ನೋಡಿ, "ಮೈಕಿಗೆ ಯಾಕ ಬೇಕು ಟೋಪಿ ಗೀಪಿ? ಪಾತ್ರೆ ನೋಡು, ಎಂಥ ಚಂದ ಬೆಳಗೈತೆ" ಅಂದಳು.

ಈಗ ಆ ಟೋಪಿ ನನ್ನ ಸೀರೆಯ ಪಕ್ಕ ತಂತಿಯ ಮೇಲೆ ಒಣಗುತ್ತಿದೆ. ಅದನ್ನು ನೋಡುತ್ತ ಕೂತವಳಿಗೆ ಒಂದು ಮೈಕು ಆರಿಸಲು ನಾನು ಪಟ್ಟ ಪಾಡೆಲ್ಲ ನೆನಪಾಗಿ, ನಿಮ್ಮ ಹತ್ತಿರವಾದರೂ ಹೇಳಿಕೊಳ್ಳೋಣ ಅನ್ನಿಸಿತು. ಮನೆಯವರಿಗಂತೂ ಕೇಳಿ ಕೇಳಿ ಸಾಕಾಗಿದೆ.

ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಾಲು ಕಿಲೋ ಬದನೆಕಾಯಿ ಕೊಳ್ಳಬೇಕಾದರೂ ದಾವಣಗೆರೆಯ ಕೆ.ಬಿ. ಬಡಾವಣೆಯ ತಳ್ಳುಗಾಡಿಗಳನ್ನೆಲ್ಲ ಸುತ್ತಿ, ಕೊನೆಗೆ ಮೊದಲು ನೋಡಿದ ಗಾಡಿಗೇ ಬಂದು, ಅಷ್ಟರಲ್ಲಿ ಅಲ್ಲಿ ಬದನೆಕಾಯಿ ಖಾಲಿಯಾಗಿ, ಬೆಂಡೆಕಾಯಿ ತರುವವಳು. ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ, "ನನ್ನನ್ನ ಒಪ್ಪೋವಾಗ ನೀನು ಇಷ್ಟು ವಿಚಾರಿಸಿದ್ರೆ ನಾನು ಬಚಾವಾಗ್ತಿದ್ದೆ" ಎನ್ನುತ್ತಾರೆ. ಅವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಆದರೆ ಮಾತು ಸುಳ್ಳಲ್ಲ.

ನಮ್ಮ ಬಾಲ್ಯದಲ್ಲಿ ಮೈಕನ್ನು ಯಾರೂ ಆರಿಸುತ್ತಿರಲಿಲ್ಲ. ಅದು ತಾನಾಗಿ ಬರುತ್ತಿತ್ತು. ಅಮ್ಮನ ತವರು ಹರಿಹರ ತಾಲ್ಲೂಕಿನ ಕೊಕ್ಕನೂರು. ಅಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹರಿಹರದಿಂದ ಮೈಕ್‌ಸೆಟ್ಟಿನವನು ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತಿದ್ದ. ಬೇವಿನ ಮರಕ್ಕೆ ಅಗಲ ಬಾಯಿಯ ಹಾರ್ನು ಕಟ್ಟಿ, ಮೈಕನ್ನು ಬೆರಳಿನಿಂದ ಟಕಟಕ ಬಡಿದು, "ಉಫ್" ಎಂದು ಊದಿ, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅಂದನೆಂದರೆ ನಮಗೆ ಮದುವೆಯೇ ಆಗಿಹೋದಷ್ಟು ಸಂತೋಷ. ಆಮೇಲೆ ಆ ಮೈಕು ನಮ್ಮ ಸೋದರಮಾವನ ಕೈಗೆ ಸಿಕ್ಕಿತೋ, ಮುಗಿಯಿತು. ಉಡುಗೊರೆ ಕೊಟ್ಟವರ ಹೆಸರು, ಊಟಕ್ಕೆ ಏಳಬೇಕಾದವರ ಹೆಸರು, ಟವೆಲು ಕಳಕೊಂಡವರ ಹೆಸರು, ಹೀಗೆ ಅರ್ಧ ಊರಿನ ಹೆಸರು ಕೂಗಿ ಮುಗಿಸಿದ ಮೇಲೂ ಅವನು ಮೈಕು ಬಿಡುತ್ತಿರಲಿಲ್ಲ. ಗಂಡಿನ ಕಡೆಯವರು ಬೇಸತ್ತು ಒಮ್ಮೆ ವೈರನ್ನೇ ಕಿತ್ತರು. ಅವನು ಅದು ಗೊತ್ತಾಗದೆ ಇನ್ನೂ ಬಹಳ ಹೊತ್ತು ಮಾತಾಡಿದ.

ನನಗೂ ಮೈಕಿಗೂ ಮೊದಲ ಭೇಟಿ ಆದದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ. ಸ್ವಾಗತಗೀತೆ ನನ್ನದು. ಮೈಕಿನ ಕಂಬ ಅತಿಥಿಗಳ ಎತ್ತರಕ್ಕೆ ನಿಂತಿತ್ತು. ತಗ್ಗಿಸುವುದು ಮೇಷ್ಟ್ರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವನು ಬೋಂಡ ತಿನ್ನಲು ಹೋಗಿದ್ದ. ನಾನು ಇಡೀ ಹಾಡನ್ನು ಕಂಬದ ನಡುವಿನ ತಿರುಪಿಗೆ ಹಾಡಿ ಇಳಿದೆ. ಮನೆಗೆ ಬಂದ ಮೇಲೆ ಅಪ್ಪ "ಚಂದ ಕೇಳಿಸ್ತು" ಅಂದ. ಸುಳ್ಳೆಂದು ನನಗೆ ಗೊತ್ತಿತ್ತು. ಅಪ್ಪ ಹೇಳಿದ ಬೇರೆ ಯಾವ ಸುಳ್ಳೂ ನನಗೆ ನೆನಪಿಲ್ಲ.

ಅಪ್ಪ ಎಂದರೆ ರುದ್ರಪ್ಪ, ದಾವಣಗೆರೆ–ಹರಿಹರ ನಡುವೆ ಓಡುವ ಒಂದು ಖಾಸಗಿ ಬಸ್ಸಿನ ಡ್ರೈವರು. ಮೂವತ್ತು ಚಿಲ್ಲರೆ ವರ್ಷ ಅದೇ ರಸ್ತೆ. ಗಾಡಿಗಳು ಬದಲಾದವು, ಮಾಲೀಕರು ಬದಲಾದರು, ಅಪ್ಪನೂ ಕಂಡಕ್ಟರ್ ಖಾದರ್ ಚಾಚಾನೂ ಬದಲಾಗಲಿಲ್ಲ. ರಜೆಯ ದಿನ ನಾನು ಇಂಜಿನ್ನಿನ ಪಕ್ಕದ ಬಿಸಿ ಬಾನೆಟ್ಟಿನ ಮೇಲೆ, ಮಡಿಸಿದ ಗೋಣಿಚೀಲ ಹಾಕಿಕೊಂಡು ಕೂತು ಹೋಗುತ್ತಿದ್ದೆ. ಎದುರಿಗೇ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ "ಚಾಲಕರೊಂದಿಗೆ ಮಾತನಾಡಬಾರದು" ಎಂದು ಬರೆದಿತ್ತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದ ಮೊದಲ ವಾಕ್ಯವೇ ಅದು. ಓದಿ ಮುಗಿಸಿದ ಸಂಭ್ರಮಕ್ಕೆ "ಅಪ್ಪ, ಓದಿದೆ!" ಎಂದು ಕಿರುಚಿದರೆ ಅಪ್ಪ ಉತ್ತರ ಕೊಡಲಿಲ್ಲ. ಹರಿಹರದ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ನನ್ನ ಕಡೆ ತಿರುಗಿ "ಭೇಷ್" ಅಂದ. ಚಕ್ರ ಉರುಳುತ್ತಿರುವಾಗ ಅವನು ಯಾರ ಹತ್ತಿರವೂ, ಸ್ವಂತ ಮಗಳ ಹತ್ತಿರವೂ, ಮಾತಾಡಿದವನಲ್ಲ. ಮಾತೆಲ್ಲ ಖಾದರ್ ಚಾಚಾನ ಪಾಲಿಗೆ. "ಹರಿಹರ ಹರಿಹರ ಹರಿಹರಾ, ಕುಂತು ಹೋಗೋರು ಬರ್ರಿ!" ಎಂದು ಅವನು ಕೂಗುತ್ತಿದ್ದರೆ ಕೂರಲು ಎಲ್ಲೂ ಜಾಗವಿರುತ್ತಿರಲಿಲ್ಲ. ಆದರೂ ಜನ ನಂಬಿ ಹತ್ತುತ್ತಿದ್ದರು.

ಒಂದು ಸಂಜೆ ಅದೇ ದಾರಿಯ ದೊಡ್ಡಬಾತಿ ಊರಿನ ಹತ್ತಿರ ಬಸ್ಸು ಓಡಿಸುತ್ತಿರುವಾಗಲೇ ಅಪ್ಪನಿಗೆ ಎದೆನೋವು ಬಂತು. ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದವನನ್ನು ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕರೆತಂದರು. ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಡಾಕ್ಟರು ಮಾತ್ರ, "ಇನ್ನು ಬಸ್ಸಿನ ಸ್ಟೀರಿಂಗ್ ಮುಟ್ಟಬೇಡಿ" ಅಂದುಬಿಟ್ಟರು. ಮಾರನೆಯ ದಿನ ಖಾದರ್ ಚಾಚಾ ಆಸ್ಪತ್ರೆಗೆ ಬಂದಾಗ ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ನಿಶ್ಶಕ್ತಿ ಇರಬೇಕೆಂದು ನಾವು ಅಂದುಕೊಂಡೆವು. ಚಾಚಾ ಸ್ವಲ್ಪ ಹೊತ್ತು ನಿಂತು, ಎಳನೀರು ಅಲ್ಲೇ ಇಟ್ಟು ಹೋದ. ಆಮೇಲೆ ಬರಲಿಲ್ಲ.

ಅಪ್ಪ ಅಮ್ಮ ನಮ್ಮ ಮನೆಗೇ ಬಂದರು. ಅಪ್ಪ ವರಾಂಡದ ಕುರ್ಚಿಯಲ್ಲಿ ಕೂತ. ಕೂತವನು ಕೂತೇ ಇದ್ದ. ಊಟಕ್ಕೆ ಕರೆದರೆ ಬರುವುದು, "ಹೂಂ" ಅನ್ನುವುದು, ಮತ್ತೆ ಕುರ್ಚಿ. ನಿಜ ಹೇಳುತ್ತೇನೆ, ನನಗೆ ಭಯವಾಗತೊಡಗಿತು. ಎದೆ ರಿಪೇರಿಯಾಗಿ ಮನೆಗೆ ಬಂದ ಅಪ್ಪ, ಒಳಗೆ ಯಾವುದೋ ಗೇರಿನಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿದ್ದ. ಅವನನ್ನು ಹೇಗೆ ಹೊರಡಿಸಬೇಕೆಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಉಪಾಯ ಮಾಡಿದವಳು ನನ್ನ ಮಗಳು ಪಲ್ಲವಿ. ಕಾಲೇಜು ಹುಡುಗಿ, ಪಾಠಕ್ಕಿಂತ ಕಂಪ್ಯೂಟರ್ ಆಟದಲ್ಲಿ ಮುಂದೆ. ಬಸ್ಸು ಓಡಿಸುವ ಆಟವೊಂದನ್ನು ತಂದು, ಗೆಳತಿಯ ಅಣ್ಣ ಬೇಡವೆಂದು ಮೂಲೆಗೆ ಹಾಕಿದ್ದ ಆಟದ ಸ್ಟೀರಿಂಗು, ಪೆಡಲುಗಳನ್ನು ಜೋಡಿಸಿ, ತಾತನನ್ನು ಕುರ್ಚಿಯ ಸಮೇತ ಒಳಗೆ ಎಳೆದು ತಂದಳು. ಆಟದಲ್ಲಿನ ರಸ್ತೆ ಯಾವ ದೇಶದ್ದೋ ಏನೋ, ಉದ್ದಕ್ಕೂ ತೆಂಗಿನ ಮರ, ಬೋರ್ಡುಗಳ ಮೇಲೆ ಓದಲಾಗದ ಲಿಪಿ. ಆದರೆ ಬಸ್ಸಿಗೆ ಮಾತ್ರ ಅವಳು ಅಪ್ಪನ ಬಸ್ಸಿನ ಬಣ್ಣವನ್ನೇ ಬಳಿದಿದ್ದಳು. ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂತ. ಡಾಕ್ಟರು ಬೇಡವೆಂದದ್ದು ನಿಜವಾದ ಬಸ್ಸನ್ನು ತಾನೆ?

ಅವನು ಓಡಿಸುವುದನ್ನು ನೀವು ನೋಡಬೇಕು. ಉಳಿದವರು ಆ ಆಟದಲ್ಲಿ ಬಸ್ಸನ್ನು ಮರದ ಮೇಲೆ ಹತ್ತಿಸುತ್ತಾರಂತೆ, ಹೊಳೆಗೆ ಹಾರಿಸುತ್ತಾರಂತೆ. ಅಪ್ಪ ಪ್ರತಿ ನಿಲ್ದಾಣದಲ್ಲಿ ನಿಲ್ಲುತ್ತಿದ್ದ. ದನ ಅಡ್ಡ ಬಂದರೆ ಕಾಯುತ್ತಿದ್ದ. ಪಲ್ಲವಿ ಇದನ್ನು ಇಂಟರ್ನೆಟ್ಟಿನಲ್ಲಿ ಲೈವ್ ಹಾಕಿದಳು. ಸಂಜೆ ಸಂಜೆ ಎಲ್ಲೆಲ್ಲಿಂದಲೋ ಜನ ಬಂದು ಒಬ್ಬ ಮುದುಕ ಬಸ್ಸನ್ನು ನೆಟ್ಟಗೆ ಓಡಿಸುವುದನ್ನು ನೋಡತೊಡಗಿದರು. "ಅಂಕಲ್ ಮಾತಾಡಿ" ಎಂದು ಬರೆಯತೊಡಗಿದರು. "ಅಮ್ಮ, ಲ್ಯಾಪ್‌ಟಾಪಿನ ಮೈಕು ಸಾಲಲ್ಲ. ಒಳ್ಳೇ ಮೈಕು ಬೇಕು" ಅಂದಳು ಪಲ್ಲವಿ. "ನಾನು ನೋಡ್ತೀನಿ ಬಿಡು" ಅಂದೆ ನಾನು. ಗಂಡ ಕೈಮುಗಿದು ಮೇಲೆ ನೋಡಿದರು.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಕಂಪ್ಯೂಟರಿಗೆ ಒಂದೇ ವೈರು ಸಿಕ್ಕಿಸಿದರೆ ಕೆಲಸ ಮಾಡುವ ಯುಎಸ್‌ಬಿ ಮೈಕು ಸಾಕು, ಬೇರೆ ಪೆಟ್ಟಿಗೆ ಬೇಡ ಎನ್ನುವುದು ಬೇಗ ತಿಳಿಯಿತು. ಆಮೇಲಿನದೇ ಕಷ್ಟ. ಮೈಕಿನಲ್ಲಿ ಎರಡು ಜಾತಿಯಂತೆ. ಕಂಡೆನ್ಸರ್ ಎಂಬುದು ನಮ್ಮ ಓಣಿಯ ಹೆಂಗಸರಂತೆ, ಮೂರನೇ ಮನೆಯ ಪಿಸುಮಾತನ್ನೂ ಬಿಡುವುದಿಲ್ಲ. ಡೈನಾಮಿಕ್ ಎಂಬುದು ಸರ್ಕಾರಿ ಕಚೇರಿಯ ಗುಮಾಸ್ತರಂತೆ, ಕಿಟಕಿಗೆ ಬಾಯಿ ಹಚ್ಚಿ ಮಾತಾಡಿದರಷ್ಟೇ ಕೇಳಿಸಿಕೊಳ್ಳುತ್ತದೆ. ಇದಲ್ಲದೆ ಕಾರ್ಡಿಯಾಯ್ಡ್ ಎಂದೊಂದು ಮಾತು. ಮುಂದಿನ ಮಾತನ್ನು ಮಾತ್ರ, ಹೃದಯದ ಆಕಾರದಲ್ಲಿ, ಕೇಳಿಸಿಕೊಳ್ಳುವುದು ಎಂದು ಅರ್ಥವಂತೆ. ಹೃದಯದ ಚಿತ್ರ ಕಂಡು ನನಗೆ ಅಪ್ಪನ ಆಸ್ಪತ್ರೆ ನೆನಪಾಗಿ ಆ ಪುಟ ಮುಚ್ಚಿಬಿಟ್ಟೆ. ಪಲ್ಲವಿ, "ನಮ್ಮನೆ ಗದ್ದಲಕ್ಕೆ ಡೈನಾಮಿಕ್ಕೇ ಸರಿ" ಅಂದಳು. "ತಾತ ಮೆಲ್ಲಗೆ ಮಾತಾಡ್ತಾರೆ, ಕಂಡೆನ್ಸರ್ ಬೇಕು" ಎಂದು ನಾನು ಹಟ ಹಿಡಿದೆ. ಓದಿ ಓದಿ ತಲೆ ಕೆಟ್ಟವರ ಹಟ ಗಟ್ಟಿ.

ಪೇಟೆಯ ಅಂಗಡಿಯವನು ಇದ್ಯಾವುದನ್ನೂ ಕೇಳಲಿಲ್ಲ.

"ಮೇಡಂ, ಗೇಮಿಂಗಿಗೆ ಇದೇ ತಗಳ್ರಿ. ಏಳು ಬಣ್ಣದ ಲೈಟ್ ಬರ್ತಾವೆ ನೋಡ್ರಿ."

"ಲೈಟಿಂದ ಧ್ವನಿ ಚೆನ್ನಾಗಿ ಬರುತ್ತಾ?"

"ಧ್ವನಿದು ಗೊತ್ತಿಲ್ರಿ. ಲೈಟ್ ಮಾತ್ರ ಗ್ಯಾರಂಟಿ."

ಆ ಪ್ರಾಮಾಣಿಕತೆಗೆ ಸೋತು ಅದನ್ನೇ ತಂದೆ. ಮನೆಯಲ್ಲಿ ಎಲ್ಲರೂ ಸುತ್ತ ನೆರೆದೆವು. ಅಮ್ಮ ಅರಿಶಿನ ಕುಂಕುಮ ಇಟ್ಟಳು. ನಾನು ಮೈಕಿನ ತಲೆಯನ್ನು ಟಕಟಕ ಬಡಿದು, "ಉಫ್" ಎಂದು ಊದಿ, "ಹಲೋ ಹಲೋ" ಅಂದೆ. ಧ್ವನಿ ಬಾವಿಯೊಳಗಿಂದ ಬಂದಂತೆ ಬಂತು. ಅಮ್ಮ ಅದರ ತಲೆಗೆ ಬಾಯಿಟ್ಟು ಕೂಗಿದಳು. ಮತ್ತೂ ಬಾವಿ. ಗಂಡ ಕೂಗಿದರು. ಬಾವಿಗೆ ಮೂವರೂ ಬಿದ್ದಂತಾಯಿತು. ಅಂಗಡಿಯವನಿಗೆ ಫೋನು ಮಾಡಿ ಜಗಳ ತೆಗೆಯುವಷ್ಟರಲ್ಲಿ ಪಲ್ಲವಿ ಕಾಲೇಜಿನಿಂದ ಬಂದು ತಲೆ ತಲೆ ಚಚ್ಚಿಕೊಂಡಳು. ಆ ಜಾತಿಯ ಮೈಕಿಗೆ ಕಿವಿ ಇರುವುದು ಮೈಯಲ್ಲಿ ಅಂತೆ. ಅದನ್ನು ನೆಟ್ಟಗೆ ನಿಲ್ಲಿಸಿ, ಕಂಪನಿಯ ಗುರುತಿರುವ ಮಗ್ಗುಲಿಗೆ ಮಾತಾಡಬೇಕಂತೆ. ಮದುವೆಮನೆಯ ಮೈಕು ನೋಡಿ ಬೆಳೆದ ನಾವು ಹುಟ್ಟಿದಾಗಿನಿಂದ ಮೈಕಿನ ತಲೆಗೇ ಮಾತಾಡಿಕೊಂಡು ಬಂದವರು.

"ಹಂಗಾರೆ ಅದರ ಹೊಟ್ಟಿಗೆ ಮಾತಾಡ್ಬೇಕೇನು?" ಅಂದಳು ಅಮ್ಮ. ಅವಳಿಗೆ ಆ ಮೈಕಿನ ಮೇಲಿದ್ದ ಗೌರವ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಆಗಿ, ಸಂಜೆ ಲೈವ್ ಶುರುವಾಯಿತು. ಏಳು ಬಣ್ಣದ ಬೆಳಕಿನಲ್ಲಿ ಅಪ್ಪ ಇಂದ್ರಸಭೆಯಲ್ಲಿ ಕೂತಂತೆ ಕೂತಿದ್ದ. ಬಸ್ಸು ಹೊರಟಿತು. ಅಪ್ಪ ಮಾತಾಡಲಿಲ್ಲ. ಒಂದು ಊರು ದಾಟಿತು, ಎರಡು ದಾಟಿತು. ತುಟಿ ಪಿಟಕ್ಕೆನ್ನಲಿಲ್ಲ. "ಅಂಕಲ್, ಮೈಕ್ ಆನ್ ಮಾಡಿ" ಎಂದು ಜನ ಬರೆದರು. ನಾನು ಗಾಬರಿಯಾಗಿ ಮೈಕಿನ ಗುಂಡಿಯನ್ನು ಪೂರ್ತಿ ತಿರುವಿದೆ. ಆಗ ಅದು ಕಂಡೆನ್ಸರಿನ ಜಾತಿಗುಣ ತೋರಿಸಿತು. ಫ್ಯಾನಿನ ಗರಗರ, ಕುಕ್ಕರಿನ ಸೀಟಿ, ಬೀದಿಯ ಸೊಪ್ಪಿನವಳ ಕೂಗು, ಗಂಡ ನಡುಮನೆಯಲ್ಲಿ ಕೂತು ಖಾರ ಮಂಡಕ್ಕಿ ಅಗಿಯುವ ಕರುಂ ಕುರುಂ ಎಲ್ಲವೂ ಲೋಕಕ್ಕೆಲ್ಲ ಕೇಳಿತು. ಅದರ ಮೇಲೆ ಅಮ್ಮ ಕೊಕ್ಕನೂರಿನ ತಂಗಿಗೆ ಫೋನು ಮಾಡಿದಳು. ನಮ್ಮ ಎದುರುಮನೆಯ ಸೊಸೆ ಅತ್ತೆಗೆ ಏನೆಂದಳು, ಅತ್ತೆ ಅದಕ್ಕೆ ಏನೆಂದಳು ಎನ್ನುವುದನ್ನು ಅವಳು ಇಬ್ಬರ ಧ್ವನಿಯಲ್ಲೂ ಅಭಿನಯಿಸಿ ಹೇಳಿದಳು. ಅವತ್ತು ಲೈವ್ ನೋಡಿದವರ ಸಂಖ್ಯೆ ಅದುವರೆಗಿನ ಎಲ್ಲ ದಿನಕ್ಕಿಂತ ಹೆಚ್ಚು. "ಅಜ್ಜಿ, ಆಮೇಲೆ ಏನಾಯ್ತು?" ಎಂದು ಮಾರನೆಯ ದಿನವೂ ಕೇಳಿದರು. ಎದುರುಮನೆಯವರು ಕಂಪ್ಯೂಟರ್ ಆಟ ನೋಡುವವರಲ್ಲ ಎನ್ನುವುದೊಂದೇ ನಮ್ಮ ಪುಣ್ಯ.

"ಅಪ್ಪ, ನಾಲ್ಕು ಮಾತಾಡಪ್ಪ" ಎಂದು ನಾನು ಗೋಗರೆದೆ.

"ಗಾಡಿ ಓಡಿಸೋವಾಗ ಡ್ರೈವರ್ ಮಾತಾಡಬಾರ್ದು ರೇಣಿ. ಹಿಂದೆ ಜನ ಅದಾರೆ."

"ಅವು ಕಂಪ್ಯೂಟರಿನ ಗೊಂಬೆಗಳಪ್ಪ."

"ಗೊಂಬೆ ಆದ್ರೇನು? ನನ್ನ ನಂಬಿ ಹತ್ಯಾವಲ್ಲ."

ಇದಕ್ಕೆ ನೀವು ಏನು ಹೇಳುತ್ತೀರಿ? ಲೋಕದ ಮೈಕುಗಳನ್ನೆಲ್ಲ ಜಾಲಾಡಿದ ನಾನು, ಅದರ ಮುಂದೆ ಕೂರುವವನು ಮಾತಾಡುತ್ತಾನೋ ಇಲ್ಲವೋ ಎಂದು ಕೇಳಿಯೇ ಇರಲಿಲ್ಲ. ದಿನ ಕಳೆದಂತೆ ಜನ "ಮಾತಾಡಿ, ಮಾತಾಡಿ" ಎಂದು ಒತ್ತಾಯಿಸುವುದು ಹೆಚ್ಚಾಯಿತು. ಅಪ್ಪನ ಮುಖ ಸಣ್ಣದಾಗುತ್ತ ಬಂತು. ಒಂದು ಸಂಜೆ ಗಾಡಿಯನ್ನು ಡಿಪೋಗೆ ಹಚ್ಚಿ, "ಇದು ನನ್ ಕೈಲಿ ಆಗಂಗಿಲ್ಲ, ಬ್ಯಾಡ ಬಿಡು ಮಗಾ" ಎಂದು ಪಲ್ಲವಿಯ ತಲೆ ಸವರಿ, ವರಾಂಡದ ಕುರ್ಚಿಗೆ ಹೋಗಿ ಕೂತ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಮೈಕು ಏಳು ಬಣ್ಣದಲ್ಲಿ ಮಿನುಗುತ್ತಲೇ ಇತ್ತು.

ಅಳುತ್ತ ಈರುಳ್ಳಿ ಹೆಚ್ಚುತ್ತಿದ್ದಾಗ ಅಮ್ಮ, "ಅವರು ಯಾವತ್ತು ಮಾತಾಡಿದ್ರು ಹೇಳು. ಮಾತೆಲ್ಲ ಖಾದರಂದೇ ಅಲ್ವಾ" ಅಂದಳು. ನಾನು ಈಳಿಗೆ ಬಿಟ್ಟು ಎದ್ದೆ. ಡ್ರೈವರ್ ಮಾತಾಡದ ಬಸ್ಸಿನಲ್ಲಿ ಮಾತಾಡುವುದು ಯಾರ ಕೆಲಸ? ನಾವು ಕಂಡಕ್ಟರ್ ಇಲ್ಲದೆಯೇ ಬಸ್ಸು ಹೊರಡಿಸಿದ್ದೆವು.

ಖಾದರ್ ಚಾಚಾನನ್ನು ಕರೆಯೋಣವೆ ಎಂದರೆ ಅಪ್ಪ, "ಬ್ಯಾಡ. ಯಾವ ಮುಖ ಇಟ್ಕಂಡು ಅವನ ಎದುರು ಕೂಡ್ಲಿ?" ಅಂದ. ಅದರ ಅರ್ಥ ನನಗಾಗಲಿಲ್ಲ. ಕೇಳಿದರೆ ಹೇಳಲಿಲ್ಲ. ಹೇಳದವನ ಮಾತು ಮೀರಿದರೆ ತಪ್ಪಿಲ್ಲವೆಂದು ನಾನು ಹರಿಹರದ ಬಸ್ಸು ಹತ್ತಿದೆ.

ಚಾಚಾ ಮಗನ ಮೋಟಾರು ಬಿಡಿಭಾಗಗಳ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತ. "ಬಾ ಬೇಟಿ, ಕೂಡು. ರುದ್ರಣ್ಣ ಹೆಂಗದಾನೆ?" ಎಂದವನು, ನಾನು ಬಾಯಿ ತೆರೆಯುವ ಮೊದಲೇ, "ನಾ ಅವತ್ತು ಆಂಬುಲೆನ್ಸ್ ಹತ್ತಲಿಲ್ಲ ಅಂತ ಅವನಿಗೆ ಸಿಟ್ಟು, ನಂಗೊತ್ತು. ಆಸ್ಪತ್ರಿಯಾಗ ಮಖಾನೇ ತೋರಿಸ್ಲಿಲ್ಲ" ಅಂದ.

"ಸಿಟ್ಟಿಲ್ಲ ಚಾಚಾ. ಅಪ್ಪನೇ ಕರಕೊಂಡು ಬಾ ಅಂದ."

ಸುಳ್ಳು ಹೇಳಿದೆ. ಹರಿಹರದಲ್ಲಿ ನಿಂತು ಸುಳ್ಳು ಹೇಳಿದ್ದಕ್ಕೆ ಹರಿಹರೇಶ್ವರ ನನ್ನನ್ನು ಕ್ಷಮಿಸಲಿ. ಚಾಚಾ ಒಳಗೆ ಹೋಗಿ ಬಂದಾಗ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟಿದ್ದ. ಜೇಬಿನಲ್ಲಿ ಸೀಟಿಯೂ ಇತ್ತು.

ಇಬ್ಬರೂ ಎದುರಾದಾಗ ನಾನು ಎಣಿಸಿದಂತೆ ಅಪ್ಪುಗೆ, ಕಣ್ಣೀರು ಏನೂ ಆಗಲಿಲ್ಲ. "ಬಂದ್ಯಾ?" ಅಂದ ಅಪ್ಪ. "ಬಂದೆ. ಗಾಡಿಗೆ ಹೊತ್ತಾತಲ್ಲ" ಅಂದ ಚಾಚಾ. ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಪರದೆಯನ್ನು ನೋಡಿ, "ಇದ್ಯಾವ ರೂಟು?" ಎಂದ. "ಗೊತ್ತಿಲ್ಲ" ಅಂದ ಅಪ್ಪ. ಚಾಚಾ ಸೀಟಿ ಊದಿದ. "ಹರಿಹರ ಹರಿಹರ ಹರಿಹರಾ! ಕುಂತು ಹೋಗೋರು ಬರ್ರಿ! ಅಕ್ಕಾರೇ, ಒಳಗೆ ಸರೀರಿ, ಒಳಗೆ ಮೈದಾನ ಐತೆ!" ಆ ಹೆಸರಿಲ್ಲದ ದೇಶದ ಊರುಗಳಿಗೆಲ್ಲ ಅವನು ಕ್ಷಣದಲ್ಲಿ ಹೆಸರಿಟ್ಟ. ತೆಂಗಿನ ತೋಪಿನ ಪಕ್ಕದ್ದು ದೊಡ್ಡಬಾತಿಯಾಯಿತು. ಸಮುದ್ರದ ದಂಡೆಯ ಊರು ಹರಿಹರವಾಯಿತು. "ಹೊಳಿ ಈ ವರ್ಷ ಭಾಳ ತುಂಬೈತೆ, ನೋಡ್ರಿ" ಎಂದು ಸಮುದ್ರ ತೋರಿಸಿದ. ನೋಡುವವರು ಬಿದ್ದು ಬಿದ್ದು ನಕ್ಕರು. ಗಾಡಿ ನಿಂತಾಗಲೆಲ್ಲ ಅಪ್ಪನೂ ಒಂದೊಂದು ಮಾತು ಸೇರಿಸತೊಡಗಿದ.

ತೊಂದರೆ ಬಂದದ್ದು ಮತ್ತೆ ಮೈಕಿನದೇ. ಅದಕ್ಕೆ ಒಂದೇ ಕಡೆ ಕಿವಿ. ಚಾಚಾನ ಕಡೆ ತಿರುಗಿಸಿದರೆ ಅಪ್ಪನ ಮಾತು ಕೇಳದು, ಅಪ್ಪನ ಕಡೆ ತಿರುಗಿಸಿದರೆ ಚಾಚಾ ಬಾವಿಗೆ ಬೀಳುತ್ತಾನೆ. ಇಬ್ಬರೂ ಅದರ ಮುಂದೆ ಕೆನ್ನೆಗೆ ಕೆನ್ನೆ ಹಚ್ಚಿ ಕೂತರು. ಗಡ್ಡ ಚುಚ್ಚುತ್ತದೆಂದು ಅಪ್ಪ ತಕರಾರು ಮಾಡಿದ. ನಾನು ಮತ್ತೆ ಪೇಟೆಗೆ ಹೊರಟೆ.

"ಲೈಟ್ ಜಾಸ್ತಿ ಬರೋದು ಬೇಕೇನ್ರಿ?" ಎಂದು ಅಂಗಡಿಯವನು ನಕ್ಕ.

"ಲೈಟ್ ಬೇಡ. ಎದುರುಬದುರು ಕೂತ ಇಬ್ಬರ ಮಾತು ಕೇಳೋ ಮೈಕು ಬೇಕು. ಪಕ್ಕದಲ್ಲಿರೋ ಅಡುಗೆಮನೆ ಕೇಳಬಾರದು."

ನನ್ನ ಜೀವಮಾನದಲ್ಲಿ ಅಷ್ಟು ಬೇಗ ನಾನು ಏನನ್ನೂ ಕೊಂಡಿಲ್ಲ. ಬೂದು ಬಣ್ಣದ ಮೈಕು, ಬೆನ್ನಿನಲ್ಲಿ ಒಂದು ಗುಂಡಿ. ಇಂಗ್ಲಿಷಿನ 8 ಅಂಕಿಯಂಥ ಚಿತ್ರವಿದ್ದ ಕಡೆ ಅದನ್ನು ತಿರುಗಿಸಿದರೆ ಹಿಂದೆ ಮುಂದೆ ಎರಡು ಕಡೆಯೂ ಕೇಳುತ್ತದೆ, ಅಕ್ಕಪಕ್ಕ ಕಿವುಡು. ಇಬ್ಬರ ನಡುವೆ ಅದನ್ನಿಟ್ಟು, ಅಮ್ಮನ ಅಡುಗೆಮನೆ ಕಿವುಡು ಪಕ್ಕಕ್ಕೆ ಬೀಳುವಂತೆ ಮೇಜು ತಿರುಗಿಸಿದೆವು. ಏಳು ಬಣ್ಣದ್ದನ್ನು ಪಲ್ಲವಿ ತನ್ನ ಕೋಣೆಗೆ ಒಯ್ದಳು. ನನ್ನ ಆಯ್ಕೆ ಸರಿಯಾಯಿತೆಂದು ಗಂಡ ಒಪ್ಪಿಕೊಂಡರು. ಇಂಥ ದಿನಗಳು ನಮ್ಮಲ್ಲಿ ಅಪರೂಪ.

ಒಂದು ಭಾನುವಾರ ಸಂಜೆ. ಬಸ್ಸು ತೆಂಗಿನ ತೋಪಿನ ದೊಡ್ಡಬಾತಿ ದಾಟುತ್ತಿತ್ತು. ಜನ ಬರೆದ ಪ್ರಶ್ನೆಗಳನ್ನು ಚಾಚಾ ಕನ್ನಡಕ ಏರಿಸಿ ಓದುತ್ತಿದ್ದ. "ಡ್ರೈವರ್ ಅಂಕಲ್, ನಿಜವಾದ ಬಸ್ ಯಾಕೆ ಬಿಟ್ರಿ?" ಎಂದು ಓದಿದವನು ಅಲ್ಲೇ ತಡೆದ. ನನ್ನ ಮುಖ ನೋಡಿದ. ನಾನು ಪಲ್ಲವಿಯ ಮುಖ ನೋಡಿದೆ.

ಅಪ್ಪ ಇಂಡಿಕೇಟರ್ ಹಾಕಿದ. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿದ. ಆಮೇಲೆ ಮೈಕಿನ ತನ್ನ ಮಗ್ಗುಲಿಗೆ ಬಾಗಿದ.

"ಬಿಟ್ಟಿದ್ದಲ್ಲ, ಬಿಡಿಸಿದ್ರು. ಎದಿ ಹಿಡಕಂತು. ಗಾಡಿ ಪಕ್ಕಕ್ಕೆ ಹಾಕಿದೆ, ಅಷ್ಟೇ ನೆನಪು" ಅಂದ. ಸ್ಟೀರಿಂಗಿನಿಂದ ಕೈ ತೆಗೆದು, "ಹತ್ತಿಸಿಕೊಂಡ ಜನನ್ನ ಊರು ಮುಟ್ಟಿಸದೇ ಹೋಗಿದ್ದು ಅದೊಂದೇ ಸಲ. ಕತ್ತಲಾಗ್ತಿತ್ತು. ಮುಂದಿನ ಸೀಟ್ನಾಗ ಒಬ್ಬ ಬಸುರಿ ಹೆಣ್ಮಗಳು ಇದ್ಲು. ಮಕ್ಳು ಮರಿ ಇದ್ವು. ಅವರನ್ನೆಲ್ಲ ರಸ್ತ್ಯಾಗ ಬಿಟ್ಟು ನಾ ಹೋಗಿ ಆಸ್ಪತ್ರಿಯಾಗ ಮಲಕ್ಕಂಡೆ" ಅಂದ.

ಇಷ್ಟು ದಿನ ವರಾಂಡದಲ್ಲಿ ಅಪ್ಪ ಹೊತ್ತುಕೊಂಡು ಕೂತಿದ್ದದ್ದು ಇದನ್ನು. ಸ್ಟೀರಿಂಗ್ ಹೋಯಿತೆಂಬ ಕೊರಗು ಎಂದು ನಾವೆಲ್ಲ ತಿಳಿದಿದ್ದೆವು.

"ಯಾರು ಬಿಟ್ರು ರಸ್ತ್ಯಾಗ?" ಚಾಚಾ ಗದರಿಯೇಬಿಟ್ಟ. "ನಾ ಯಾತಕ್ಕಿದ್ದೆ ಮತ್ತೆ? 'ಜನ ಖಾದರ್, ಜನ' ಅಂತ ನೀನೇ ಬಡಬಡಿಸಿದ್ಯಲ್ಲ, ಅದಕ್ಕೇ ಆಂಬುಲೆನ್ಸ್ ಹತ್ತಲಿಲ್ಲ. ಹಿಂದಿನ ಗಾಡಿಗೆ ಅಡ್ಡ ನಿಂತು, ನಿಲ್ಲಿಸಿ, ಎಲ್ರನ್ನೂ ಹತ್ತಿಸಿದೆ. ನಿಂತ್ಕಂಡು ಹೋದ್ರು. ಆದ್ರೆ ಎಲ್ರೂ ಹರಿಹರ ಮುಟ್ಟಿದ್ರು."

"ಎಲ್ರೂನಾ?"

"ಖುದಾ ಕಸಂ, ಎಲ್ರೂ."

"ಆ ಹೆಣ್ಮಗಳು?"

"ಅಕಿಗೆ ಸೀಟ್ ಬಿಡಿಸಿಕೊಟ್ಟೆ. ಗಂಡು ಹುಟ್ಟೈತೆ. ಅಕಿ ಅಪ್ಪ ನಮ್ಮ ಅಂಗಡಿಗೆ ಬಂದು ಪೇಡೆ ಕೊಟ್ಟು ಹೋದ."

"ಮತ್ತೆ ನಂಗ್ಯಾಕ ಹೇಳ್ಲಿಲ್ಲ?"

"ಹೇಳಾಕೇ ಬಂದಿದ್ದೆ. ನೀ ಗ್ವಾಡಿ ಕಡೆ ಮಖ ಮಾಡಿ ಮಲಗಿದ್ದೆ. ಯಾರಿಗೆ ಹೇಳ್ಲಿ, ಗ್ವಾಡಿಗಾ?"

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಇಂಜಿನ್ ಶುರು ಮಾಡಿದ. ಕನ್ನಡಿ ನೋಡಿ ಗಾಡಿಯನ್ನು ರಸ್ತೆಗೆ ತಂದ. ತಂದವನು ಮಾತಾಡತೊಡಗಿದ! ಚಕ್ರ ಉರುಳುತ್ತಿತ್ತು, ಹಿಂದೆ ಗೊಂಬೆಗಳು ತುಂಬಿದ್ದವು, ಅಪ್ಪ ಮಾತಾಡುತ್ತಿದ್ದ. ಅವತ್ತು ಬಸ್ಸಿನಲ್ಲಿದ್ದ ಮಂಡಕ್ಕಿ ಚೀಲದವನು ಏನಾದ? ಹಿಂದಿನ ಸೀಟಿನ ಮುದುಕಿ ಬೈಯಲಿಲ್ಲವೇ? ಹಿಂದಿನ ಗಾಡಿಯ ಡ್ರೈವರ್ ಯಾರು? ಮಗುವಿಗೆ ಹೆಸರೇನು ಇಟ್ಟರು? ಪ್ರಶ್ನೆಯ ಮೇಲೆ ಪ್ರಶ್ನೆ, ಚಾಚಾನ ಕಡೆ ಪೂರ್ತಿ ತಿರುಗಿಕೊಂಡು. "ಅಂಕಲ್, ಮುಂದೆ ನೋಡಿ!" ಎಂದು ಯಾರೋ ಬರೆದದ್ದನ್ನು ಯಾರೂ ಗಮನಿಸಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಗಾಡಿಗೆ ಒಂದು ಗೀರು ಬೀಳದಂತೆ ಓಡಿಸಿದ ನಮ್ಮಪ್ಪ, ಬಸ್ಸನ್ನು ರಸ್ತೆಯಿಂದ ಇಳಿಸಿ, ಯಾರದೋ ಗದ್ದೆ ಹಾಯಿಸಿ, ತೆಂಗಿನ ಮರಕ್ಕೆ ಗುದ್ದಿದ.

ಆಮೇಲೆ ಅಪ್ಪ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ, ಪರದೆಯ ಮೇಲೆ ಧ್ವನಿ ತೋರಿಸುವ ಮೀಟರು ಕೆಂಪಿಗೆ ಹೋಗಿ ಅಲ್ಲೇ ನಿಲ್ಲುವ ಹಾಗೆ ನಕ್ಕ. ಕಿವುಡು ಪಕ್ಕದ ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದು ಓಡಿ ಬಂದಳು.

"ಏನಾತ್ರೀ?"

"ಗಾಡಿ ಮರಕ್ಕೆ ಹೋತು" ಎಂದು ಅಪ್ಪ ಮತ್ತೆ ನಗತೊಡಗಿದ.

ಖಾದರ್ ಚಾಚಾ ಮಾತ್ರ ನಗಲಿಲ್ಲ. ಅಂಗಿಯ ಕಾಲರು ಸರಿಮಾಡಿಕೊಂಡು ಮೈಕಿನ ತನ್ನ ಕಡೆಗೆ ಬಾಗಿದ.

"ಯಾರೂ ಗಾಬರಿ ಆಗಬ್ಯಾಡ್ರಿ. ನಿಧಾನಕ್ಕ ಇಳೀರಿ, ನಿಮ್ಮ ನಿಮ್ಮ ಸಾಮಾನು ನೋಡ್ಕಳ್ರಿ. ಎಲ್ರನ್ನೂ ಹಿಂದಿನ ಗಾಡಿಗೆ ಹತ್ತಿಸ್ತೀನಿ."